ಮಗುವಿನ ಬಾಯಿ ತೆರೆಸುವ ಶಾಸ್ತ್ರ: ನಂದಿದುರ್ಗ ಗಣಿಸೀಮೆಯ ಶರತ್ಕಾಲೀನ ಭೋಜನ ಕುರಿತ ಒಂದು ಸಂಶೋಧನೆ

ಯಾವ ಸಂಶೋಧನೆಯಾದರೂ ಮೊದಲು ತನ್ನ ವ್ಯಾಪ್ತಿಯನ್ನು ಸಾರಿ ಹೇಳಬೇಕು. ಮೀರುವುದು ಆಮೇಲಿನ ಮಾತು. ಇಲ್ಲಿ ನಂದಿದುರ್ಗವೆಂದರೆ ಶನಿವಾರ ನಡುರಾತ್ರಿ ಬೈಕು ಹತ್ತಿ ಹೋಗಿ, ಬೆಳಗಿನ ಮಂಜಿನಲ್ಲಿ ಫೋಟೋ ತೆಗೆಸಿಕೊಂಡು, ಇಳಿಯುವಾಗ ಮ್ಯಾಗಿ ತಿಂದು ಬರುವ ಬೆಟ್ಟವಲ್ಲ. ಆ ಬೆಟ್ಟ 2007ರಲ್ಲಿ ಕೋಲಾರ ಜಿಲ್ಲೆ ಎರಡಾದಾಗ ಚಿಕ್ಕಬಳ್ಳಾಪುರದ ಪಾಲಿಗೆ ಹೋಯಿತು. ನಮ್ಮ ಪಾಲಿಗೆ ಉಳಿದದ್ದು ಅದೇ ಹೆಸರಿನ ಗಣಿ. ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್, ಊರಿಗಾಂ, ಮೈಸೂರು ಗಣಿಗಳ ಸಾಲಿನಲ್ಲಿ ನಿಂತದ್ದು. 2001ರ ಫೆಬ್ರವರಿ 28ಕ್ಕೆ ಈ ಸೀಮೆಯಲ್ಲಿ ಚಿನ್ನ ತೆಗೆಯುವ ಕೆಲಸ ನಿಂತಿತು. ಮಕ್ಕಳಿಗೆ ಊಟ ಮಾಡಿಸುವ ಕೆಲಸ ಮಾತ್ರ ನಿಂತಿಲ್ಲವಾದ್ದರಿಂದ ಸಂಶೋಧನೆಗೆ ವಸ್ತುವಿನ ಬರವಿಲ್ಲ.

ಮುಂದೆ ಪರಿಭಾಷೆ. 'ಮಗು' ಎಂದರೆ ತಟ್ಟೆಯ ಮುಂದೆ ಕೂತು, ತಟ್ಟೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡುವ ಜೀವಿ. ವಯಸ್ಸಿನ ಮಿತಿಯಿಲ್ಲ, ಕೆಲವು ಮನೆಗಳಲ್ಲಿ ಈ ಲಕ್ಷಣಗಳು ಯಜಮಾನರಲ್ಲೂ ಕಂಡುಬಂದಿರುವುದರಿಂದ ಅವರನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಲಾಗಿದೆ.

ಇನ್ನು ಶರದೃತು. ಪಾಶ್ಚಾತ್ಯ ಪಾಕಶಾಸ್ತ್ರಜ್ಞರ ಪ್ರಕಾರ ಅದು ಎಲೆಗಳು ಕೆಂಪಾಗಿ ಉದುರುವ, ಕುಂಬಳ ಮಾಗುವ, ಸೇಬಿನ ಮೇಲೆ ಚಕ್ಕೆಪುಡಿ ಉದುರಿಸುವ ಕಾಲ. ಈ ಲಕ್ಷಣವನ್ನು ನಮ್ಮ ಸೀಮೆಗೆ ಹಚ್ಚಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಕಾಲು ಜಾರುತ್ತದೆ. ಇಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಅಂದರೆ ಮಾವು ಹೂಬಿಟ್ಟು ಪರೀಕ್ಷೆಗಳು ಹತ್ತಿರವಾಗುವ ಹೊತ್ತಿಗೆ. ಆಶ್ವಯುಜ ಕಾರ್ತಿಕಗಳಲ್ಲಿ ಕೋಲಾರದ ನೆಲ ವರ್ಷದಲ್ಲೇ ಅತಿ ಹಸಿರಾಗಿರುತ್ತದೆ. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಬೀಳುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರಂತೂ ಮೂರು ದಿನ ಜಿನುಗು ಹಿಡಿದು, ಒಗೆದ ಯೂನಿಫಾರಂ ಒಣಗುವುದೇ ಇಲ್ಲ. ಒಣಗಿ ಆಗಬೇಕಾದದ್ದೂ ಏನಿಲ್ಲ, ದಸರಾ ರಜೆ. ಮಗು ಮನೆಯಲ್ಲೇ ಇದೆ. ಹತ್ತು ನಿಮಿಷಕ್ಕೊಮ್ಮೆ ಅಡಿಗೆಮನೆಯ ಬಾಗಿಲಿಗೆ ಬಂದು, "ಅಮ್ಮಾ, ತಿನ್ನಕ್ಕೇನೈತೆ?" ಎನ್ನುತ್ತಿದೆ. ಆದ್ದರಿಂದ ಈ ಪ್ರಬಂಧವು ಶರದೃತುವನ್ನು ಹೀಗೆ ಗೊತ್ತುಪಡಿಸುತ್ತದೆ: ದಸರಾ ರಜೆ ಶುರುವಾದ ಬೆಳಗಿನಿಂದ ಸಂತೆಗೆ ಸೊಗಡವರೆ ಬಂದ ಬೆಳಗಿನವರೆಗಿನ ಅವಧಿ. ಅವರೆಕಾಯಿ ಬಂದ ಮೇಲೆ ಏನು ಅಡಿಗೆ ಎಂಬ ಪ್ರಶ್ನೆಯೇ ಈ ಜಿಲ್ಲೆಯಲ್ಲಿ ಏಳುವುದಿಲ್ಲ. ಉಪ್ಪಿಟ್ಟಿಗೂ ಅದೇ, ಸಾರಿಗೂ ಅದೇ, ಹಿತುಕಿದರೂ ಅದೇ.

ಕುಂಬಳದ ವಿಚಾರದಲ್ಲಿ ಪೂರ್ವಪಶ್ಚಿಮಗಳ ನಡುವೆ ಒಂದು ಸಾಮ್ಯವನ್ನು ಒಪ್ಪಲೇಬೇಕು. ಅವರು ಅಕ್ಟೋಬರಿನ ಕೊನೆಗೆ ಕುಂಬಳಕ್ಕೆ ಕಣ್ಣು ಬಾಯಿ ಕೊರೆದು ಒಳಗೆ ದೀಪವಿಟ್ಟು ಭೂತ ಓಡಿಸುತ್ತಾರೆ. ನಾವು ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ರಂಧ್ರ ಕೊರೆದು ಕುಂಕುಮ, ಚಿಲ್ಲರೆ ಕಾಸು ತುಂಬಿ ನಡುರಸ್ತೆಯಲ್ಲಿ ಒಡೆದು ದೃಷ್ಟಿ ತೆಗೆಯುತ್ತೇವೆ. ಹಿಂದೆ ಬರುವ ಸ್ಕೂಟರಿನವನು ಜಾರಿ ಬೀಳುವುದು ಅವನ ಪ್ರಾರಬ್ಧ. ಎರಡೂ ಕಡೆ ಮಗುವಿನ ಆಸಕ್ತಿ ಕಾಯಿಯ ಮೇಲಲ್ಲ, ಅದಕ್ಕಾಗುವ ಹಾನಿಯ ಮೇಲೆ. ತಿನ್ನಿಸಬೇಕಾದರೆ ಸಿಹಿಗುಂಬಳವೇ ಗತಿ: ತುರಿದು, ಅಕ್ಕಿತರಿ, ಬೆಲ್ಲ, ಕಾಯಿತುರಿ, ಏಲಕ್ಕಿ ಬೆರೆಸಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟರೆ ಕಡುಬು. ಕುಂಬಳ ಎಂಬ ಶಬ್ದವನ್ನು ಉಚ್ಚರಿಸದಿದ್ದಲ್ಲಿ ಫಲಿತಾಂಶ ಸಮಾಧಾನಕರ.

ಈಗ ಪ್ರಬಂಧದ ತಿರುಳಿಗೆ ಬರೋಣ. ಕೆಜಿಎಫ್ ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನ ಕೊಟ್ಟಿತು. ಕೊನೆಗಾಲದಲ್ಲಿ ಮಾತ್ರ ಟನ್ನು ಕಲ್ಲು ಅರೆದರೆ 3 ಗ್ರಾಂ ಆಸುಪಾಸು ಸಿಗುತ್ತಿತ್ತು. ಈ ಲೆಕ್ಕ ಕೇಳಿದವರು ಅಯ್ಯೋ ಎನ್ನುತ್ತಾರೆ. ಮಗುವಿಗೆ ಸೊಪ್ಪು ತಿನ್ನಿಸಿದವರು ಅನ್ನುವುದಿಲ್ಲ. ಅವರಿಗೆ ಅದು ಒಳ್ಳೆಯ ಇಳುವರಿಯಾಗಿಯೇ ಕಾಣುತ್ತದೆ. ತಟ್ಟೆಗೆ ಬಡಿಸಿದ್ದೆಷ್ಟು, ಹೊಟ್ಟೆಗೆ ಇಳಿದದ್ದೆಷ್ಟು ಎಂದು ತೂಗಿ ನೋಡಿದರೆ ಗಣಿಯೇ ವಾಸಿ. ಗಣಿಯಲ್ಲಿ ಚಿನ್ನ ತೆಗೆದು ಮಿಕ್ಕ ಪುಡಿಯನ್ನು ಗುಡ್ಡೆ ಹಾಕಿದರು. ಅದೇ ಇಂದಿಗೂ ಊರ ಸುತ್ತ ಬೆಳ್ಳಗೆ ನಿಂತಿರುವ ಸೈನೈಡ್ ಗುಡ್ಡ. ತಟ್ಟೆಯಲ್ಲೂ ಹಾಗೆಯೇ. ಊಟ ಮುಗಿದ ಮೇಲೆ ಅಂಚಿನಲ್ಲಿ ಕರಿಬೇವು, ಟೊಮೆಟೊ ಸಿಪ್ಪೆ, ಎರಡೇ ಎರಡು ಬೀನ್ಸು, ಮಗುವಿನ ಸಹನೆಗೆ ಸಾಕ್ಷಿಯಾಗಿ ಒಂದೊಂದೇ ಹೆಕ್ಕಿಟ್ಟ ಸಾಸಿವೆ, ಇವೆಲ್ಲದರ ಸುವ್ಯವಸ್ಥಿತ ದಿಬ್ಬ. ಅನ್ನದ ಒಂದು ಅಗುಳೂ ಅದರಲ್ಲಿ ಬೆರೆತಿರುವುದಿಲ್ಲ. ಬೇರ್ಪಡಿಸುವ ಈ ಕೌಶಲ ಗಣಿ ನಡೆಸಿದ ಜಾನ್ ಟೇಲರ್ ಕಂಪನಿಗೂ ದಕ್ಕಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಪ್ರತಿತಂತ್ರವೂ ಗಣಿಯದ್ದೇ: ನುಣ್ಣಗೆ ಅರೆಯುವುದು. ಅದಿರು ಕುಟ್ಟುವ ಸ್ಟ್ಯಾಂಪ್ ಮಿಲ್ಲಿನ ಜಾಗದಲ್ಲಿ ಇಲ್ಲಿರುವುದು ಕಡೆಗೋಲು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಏಳುವ ಬೆರಕೆ ಸೊಪ್ಪನ್ನು ತೊಗರಿಬೇಳೆ, ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿಯ ಜೊತೆ ಬೇಯಿಸಬೇಕು. ಕಟ್ಟು ಬಸಿದಿಟ್ಟುಕೊಂಡು, ಮಿಕ್ಕದ್ದಕ್ಕೆ ಉಪ್ಪು ಹುಣಸೆ ಹಾಕಿ, ಸೊಪ್ಪು ಬೇಳೆಗಳ ಜಾತಿಭೇದ ಅಳಿಯುವವರೆಗೂ ಮಸೆಯಬೇಕು. ಆಮೇಲೆ ಕಟ್ಟು ಬೆರೆಸಿ, ಜಜ್ಜಿದ ಬೆಳ್ಳುಳ್ಳಿ ಒಣಮೆಣಸಿನಕಾಯಿ ಒಗ್ಗರಣೆ. ಮಗುವಿಗೆ ಮೆಣಸಿನಕಾಯಿಯನ್ನು ಮಸೆಯುವ ಮುನ್ನವೇ ಹೆಕ್ಕಿ ತೆಗೆದಿರಬೇಕು. ಮಿಕ್ಸಿಗೆ ಹಾಕಕೂಡದು, ಹಾಕಿದರೆ ಅದು ಮಸ್ಸೊಪ್ಪಾಗದೆ ಹಸಿರು ಬಣ್ಣವಾಗುತ್ತದೆ.

ಮಸ್ಸೊಪ್ಪಿನ ಜೊತೆಗಾರ ಮುದ್ದೆ. ಇದನ್ನು ಅಗಿಯಬಾರದು, ನುಂಗಬೇಕು. ಮಗು ಮಾಡುವ ಮೊದಲ ಕೆಲಸವೇ ಅಗಿಯುವುದು. ಅಂಗುಳಿಗೆ ಮೆತ್ತಿಕೊಂಡ ಮೇಲೆ ಅಳುವುದು ಎರಡನೆಯದು. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ದಿನವೂ ಆಳು ಇಳಿಸಿದ ಊರು ಇದು. ಗೇಣುದ್ದದ ಗಂಟಲಲ್ಲಿ ಗೋಲಿಗಾತ್ರದ ಮುದ್ದೆ ಇಳಿಸಲು ಎರಡು ತಲೆಮಾರು ಸುತ್ತ ಕೂರಬೇಕಾಗುತ್ತದೆ. ಅಜ್ಜಿಯರ ವಿಧಾನ ಇಷ್ಟೇ: ಮುದ್ದೆಯ ನೆತ್ತಿಯಲ್ಲಿ ಹೆಬ್ಬೆಟ್ಟಿನಿಂದ ಒಂದು ಗುಳಿ, ಗುಳಿಯೊಳಗೆ ತುಪ್ಪ. ಮಗು ತುಪ್ಪದ ಕೆರೆಗೆ ಕಾಲುವೆ ತೋಡುತ್ತಾ ಅರ್ಧ ಮುದ್ದೆ ಮುಗಿಸಿರುತ್ತದೆ.

ಮಸೆತಕ್ಕೂ ಮಣಿಯದ ಪದಾರ್ಥಗಳೂ ಇವೆ. 1965ರಲ್ಲಿ ಇದೇ ಕೆಜಿಎಫ್‌ನ ನೆಲದಾಳದಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನು, ಇಂಗ್ಲೆಂಡುಗಳ ವಿಜ್ಞಾನಿಗಳ ಜೊತೆ ಕೂತು ವಾತಾವರಣದ ನ್ಯೂಟ್ರಿನೋಗಳ ಸುಳಿವು ಹಿಡಿದರು. ಭೂಮಿಯನ್ನೇ ತೂರಿ ಹೋದರೂ ದಾರಿಯಲ್ಲಿ ಯಾರ ಗೊಡವೆಗೂ ಹೋಗದ ಕಣ ಅದು. ಪಡುವಲಕಾಯಿಗೂ ಮಗುವಿಗೂ ಇರುವ ಸಂಬಂಧವನ್ನು ಇದಕ್ಕಿಂತ ನಿಖರವಾಗಿ ವಿವರಿಸಿದ ವಿಜ್ಞಾನ ಇನ್ನೊಂದಿಲ್ಲ.

ಹಾಗಾದರೆ ಮಗು ನಿಜವಾಗಿ ತಿನ್ನುವುದು ಏನನ್ನು? ಮಗುವಿಗೆ ಮೆಚ್ಚುವುದು ಸಿಹಿ, ಕರಿದದ್ದು, ಬಣ್ಣದ್ದು ಎನ್ನುವುದು ಪೂರ್ವಪಕ್ಷ. ಈ ಪ್ರಬಂಧ ಅದನ್ನು ತಳ್ಳಿಹಾಕಿ ಕಳವಿನ ಸಿದ್ಧಾಂತವನ್ನು ಮಂಡಿಸುತ್ತದೆ: ಮಗು ಬಡಿಸಿದ್ದನ್ನು ತಿನ್ನುವುದಿಲ್ಲ, ಕದ್ದದ್ದನ್ನು ತಿನ್ನುತ್ತದೆ. ಗಣಿಯ ಬಾಗಿಲಲ್ಲಿ ಪಾಳಿ ಮುಗಿಸಿ ಬಂದವರನ್ನು ಅದಿರಿಗಾಗಿ ತಡಕಿ ನೋಡುತ್ತಿದ್ದರು. ಯಾವ ವಸ್ತುವಿಗೆ ತಪಾಸಣೆ ಇದೆಯೋ ಅದಕ್ಕೇ ಬೆಲೆ ಎಂಬುದು ಈ ಊರಿನ ಮಕ್ಕಳಿಗೆ ರಕ್ತಗತ.

ಪ್ರಮಾಣ ಬೇಕಾದವರು ದೀಪಾವಳಿಯ ಕಜ್ಜಾಯವನ್ನು ನೋಡಬೇಕು. ಅಕ್ಕಿಯನ್ನು ನೆನೆಹಾಕಿ, ನೀರು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರವಿ, ಇನ್ನೂ ತೇವ ಇರುವಾಗಲೇ ಕುಟ್ಟಿ ಜರಡಿ ಹಿಡಿಯುತ್ತಾರೆ. ಬೆಲ್ಲದ ಪಾಕ ಕುದಿಯುತ್ತದೆ. ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರೆ ಮೆತ್ತಗೆ ಉಂಡೆ ನಿಲ್ಲಬೇಕು. ನಿಂತ ಕೂಡಲೇ ಇಳಿಸಿ ಹಿಟ್ಟು, ಏಲಕ್ಕಿ, ಗಸಗಸೆ ಹಾಕಿ ತಿರುವುತ್ತಾರೆ. ಪರೀಕ್ಷೆಯ ಆ ಉಂಡೆ ಬಟ್ಟಲಿನಲ್ಲೇ ಉಳಿಯುತ್ತದೆ. ಅದರ ಮೇಲೆ ಮೂರು ಜೊತೆ ಕಣ್ಣು. ಹಿಟ್ಟನ್ನು ಡಬ್ಬಿಗೆ ತುಂಬಿ ಒಂದೆರಡು ದಿನ ಅಟ್ಟದ ಮೇಲೆ ಇಡುವುದು ಪದ್ಧತಿ. ಕೇದಾರೇಶ್ವರನ ನೋಮು ಹಿಡಿಯುವ ಮನೆಗಳಲ್ಲಿ ನೈವೇದ್ಯಕ್ಕೆ ಮೊದಲು ಮುಟ್ಟುವಂತಿಲ್ಲ. ಈ ನಿಷೇಧವೇ ಪಾಕದ ಅತಿ ಮುಖ್ಯ ಪದಾರ್ಥ. ಬಾಣಲೆಯಿಂದ ತೆಗೆದು ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ಹಿಂಡಿದ ಕಜ್ಜಾಯವನ್ನು ಕೈಗೆ ಕೊಟ್ಟರೆ, "ನಂಗ್ ಸಾಕು, ಅರ್ಧ ಕೊಡು" ಎನ್ನುವ ಮಗುವಿನ ಬೆರಳಚ್ಚು ಅಟ್ಟದ ಡಬ್ಬಿಯೊಳಗೆ ನಾಲ್ಕಂಗುಲ ಆಳದವರೆಗೆ ಸ್ಪಷ್ಟವಾಗಿ ಮೂಡಿರುತ್ತದೆ. ಅಪರಾಧಿಯನ್ನು ಪತ್ತೆಹಚ್ಚಲು ಅಜ್ಜಿಗೆ ಪ್ರಯೋಗಾಲಯ ಬೇಕಿಲ್ಲ. "ಎಲ್ಲಿ, ಬಾಯಿ ತೆಗಿ" ಎಂದರೆ ಸಾಕು. ಶರದೃತುವಿನಲ್ಲಿ ಮಗು ತಾನಾಗಿ ಬಾಯಿ ತೆರೆಯದೇ ಇರುವ ಏಕೈಕ ಸಂದರ್ಭ ಇದೇ ಎಂಬ ಆಕ್ಷೇಪವನ್ನು ಇಲ್ಲಿ ದಾಖಲಿಸಿ ಮುಂದಕ್ಕೆ ಹೋಗಲಾಗಿದೆ.

ಹಸಿ ಕಡಲೆಕಾಯಿಯೂ ಈ ಸಿದ್ಧಾಂತವನ್ನೇ ಪುಷ್ಟೀಕರಿಸುತ್ತದೆ. ಹೊಲದಿಂದ ಕಿತ್ತು ಮಣ್ಣು ತೊಳೆದು, ಉಪ್ಪುನೀರಲ್ಲಿ ಕುಕ್ಕರಿಗೆ ಹಾಕಿದರೆ ಅಡಿಗೆ ಮುಗಿಯಿತು. ಬಿಡಿಸಿ ಬಟ್ಟಲಿಗೆ ಹಾಕಿಕೊಟ್ಟರೆ ಮಗು ಮುಟ್ಟುವುದಿಲ್ಲ. "ಸಾಗುಗೆ ಬೇಕು, ಬಿಡಿಸಿಕೊಡು, ತಿನ್ನಬೇಡ" ಎಂದು ಹೇಳಿ ಅಂಗಳಕ್ಕೆ ಹೋಗಿಬಂದರೆ ಸಿಪ್ಪೆ ಮಾತ್ರ ಇರುತ್ತದೆ. ಆ ದಿನ ಸಾಗುಗೆ ಬಟಾಣಿ.

ಆಯುಧಪೂಜೆಯ ಕಡಲೆಪುರಿ ಬೇರೆ ಜಾತಿಯ ಸಮಸ್ಯೆ. ಗ್ಯಾರೇಜಿನಿಂದ ಒಂದು ಪೊಟ್ಟಣ, ಆಟೋಸ್ಟ್ಯಾಂಡಿನಿಂದ ಒಂದು, ಅಂಗಡಿಯವರಿಂದ ಇನ್ನೊಂದು, ಹೀಗೆ ಪುರಿ ಮನೆಗೆ ತಾನಾಗಿ ನಡೆದು ಬರುತ್ತದೆ, ಹೋಗುವುದಿಲ್ಲ. ಜಿನುಗು ಹವೆಗೆ ಮೆತ್ತಗಾದದ್ದನ್ನು ಬರೀ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಗರಿ ಏಳುತ್ತದೆ. ಸಾಸಿವೆ, ಸಿಪ್ಪೆಸಮೇತ ಜಜ್ಜಿದ ಬೆಳ್ಳುಳ್ಳಿ, ಅರಿಸಿನ, ಹುರಿಗಡಲೆಯ ಒಗ್ಗರಣೆ ಕೊಟ್ಟು ಚಿಟಿಕೆ ಸಕ್ಕರೆ ಉದುರಿಸಿದರೆ ಸಂಜೆಯ ತಿಂಡಿ. ಮಾರನೆಯ ಸಂಜೆಯದೂ ಅದೇ. ಅದರ ಮಾರನೆಯದೂ.

ನವರಾತ್ರಿಯ ಸುಂಡಲ್ ಕುರಿತು ಇನ್ನೊಂದು ನಿಯಮ ಗೋಚರಿಸಿತು. ಇದನ್ನು ಪಕ್ಕದ ಮನೆ ನಿಯಮ ಎನ್ನಬಹುದು. ತಮಿಳರ ಲೈನು, ತೆಲುಗರ ಬೀದಿ, ಕನ್ನಡದ ಹಳ್ಳಿ, ಆಂಗ್ಲೋ ಇಂಡಿಯನ್ ಬಂಗಲೆ, ಎಲ್ಲವೂ ಕೂಗಳತೆಯಲ್ಲಿರುವ ಊರಿದು. ಮನೆಯಲ್ಲಿ ಕಡಲೆ ಉಸಲಿ ಎಂದರೆ ಮೂಗು ಮುರಿಯುವ ಮಗು, ಎದುರುಮನೆಯ ಬೊಂಬೆಯ ಮುಂದೆ ಒಂದು ಹಾಡು ಹೇಳಿ, ಅದೇ ಕಡಲೆಯನ್ನು ಸುಂಡಲ್ ಎಂಬ ಹೆಸರಿನಲ್ಲಿ ಎರಡು ಸಲ ಇಸಿದುಕೊಂಡು ತಿನ್ನುತ್ತದೆ. ನಮ್ಮ ಸಾರನ್ನು ಒಲ್ಲದ ನಾಲಿಗೆಗೆ ಆಂಗ್ಲೋ ಇಂಡಿಯನ್ನರ ಪೆಪ್ಪರ್ ವಾಟರ್ ಆಗುತ್ತದೆ. ಹಳದಿ ಕಾಯನ್ನದ ಜೊತೆ ಬಾಲ್ ಕರಿ ಇದ್ದರಂತೂ ಕೇಳುವುದೇ ಬೇಡ. ಕೆಜಿಎಫ್‌ನವರೇ ಆದ ಬ್ರಿಜೆಟ್ ವೈಟ್ ಕುಮಾರ್ ಆ ಅಡಿಗೆಗಳನ್ನೆಲ್ಲ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಆದರೆ ಪುಸ್ತಕ ನೋಡಿ ನಮ್ಮ ಮನೆಯಲ್ಲೇ ಮಾಡಿದರೆ ನಿಯಮ ಕೆಲಸ ಮಾಡುವುದಿಲ್ಲ. ಪಾತ್ರೆ ಹೊಸ್ತಿಲು ದಾಟಿ ಬರಬೇಕು.

ಕೊನೆಯದಾಗಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವುದು. ಗಣಿ ನಡೆಯುತ್ತಿದ್ದಾಗ ಊಟದ ಹೊತ್ತನ್ನು ಪಾಳಿಯ ಸೈರನ್ನು ಗೊತ್ತುಮಾಡುತ್ತಿತ್ತು. ಅಪ್ಪ ರಾತ್ರಿಪಾಳಿಯಾದರೆ ಮಕ್ಕಳು ಅವರನ್ನು ನಿದ್ದೆಯಲ್ಲೇ ನೋಡಬೇಕು. ಈಗ ಸೈರನ್ನಿಲ್ಲ, ಮಾರಿಕುಪ್ಪಂ ರೈಲಿದೆ. ಕತ್ತಲಲ್ಲೇ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋದವರು ಮರಳುವುದೂ ಕತ್ತಲಲ್ಲೇ. ಆದ್ದರಿಂದ ಒಟ್ಟಿಗೆ ಊಟವೆಂಬುದು ಭಾನುವಾರಗಳಲ್ಲೂ ಹಬ್ಬಗಳಲ್ಲೂ ಮಾತ್ರ ಕಂಡುಬರುವ ವಿದ್ಯಮಾನ. ಮಿಕ್ಕ ದಿನ ಅಮ್ಮ ಎರಡು ಪಾಳಿಯಲ್ಲಿ ಬಡಿಸುತ್ತಾಳೆ, ತಾನು ಮೂರನೆಯದರಲ್ಲಿ ಉಣ್ಣುತ್ತಾಳೆ.

ಈ ರೈಲಿನವರೇ ಪ್ರಬಂಧಕ್ಕೆ ದೊಡ್ಡ ತೊಡಕಾದವರು. ಅವರು ಒಮ್ಮೊಮ್ಮೆ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ಕಟ್ಟಿಸಿಕೊಂಡು ಬರುತ್ತಾರೆ. ಅಲ್ಲಿಯ ಪಾನಿಗೆ ಪುದೀನದ ಹಸಿರಿಲ್ಲ, ಹುಣಸೆಯ ಕಂದಿಲ್ಲ; ನೋಡಲು ಕೊಡದ ನೀರು, ಬಾಯಿಗಿಟ್ಟರೆ ಬೆಂಕಿ. ಅದನ್ನು ಮಗು ಕದ್ದದ್ದಲ್ಲ, ಪಕ್ಕದ ಮನೆಯಿಂದ ಬಂದದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ. ಆದರೂ ಸಾರಿನಲ್ಲಿ ಅರ್ಧ ಮೆಣಸು ಕಂಡರೆ ನೀರು ಕೇಳುವ ಅದೇ ಜೀವಿ, ಕಣ್ಣಲ್ಲಿ ಮೂಗಲ್ಲಿ ಸುರಿಸಿಕೊಂಡು "ಇನ್ನೊಂದು" ಎನ್ನುತ್ತದೆ. ಇದನ್ನು ವಿವರಿಸಲು ಹೆಚ್ಚಿನ ಕ್ಷೇತ್ರಕಾರ್ಯ ಅಗತ್ಯವೆಂದೂ, ಅದಕ್ಕಾಗಿ ಪ್ರಬಂಧಕಾರನನ್ನು ದೀಪಾವಳಿ ಮುಗಿಯುವವರೆಗೆ ಮನೆಗೆಲಸಗಳಿಂದ ಬಿಡುಗಡೆ ಮಾಡಿ, ಬಂಗಾರಪೇಟೆಗೆ ಹೋಗಿಬರುವ ಖರ್ಚು ಮಂಜೂರು ಮಾಡಬೇಕೆಂದೂ ಅಡಿಗೆಮನೆಗೆ ಅರ್ಜಿ ಸಲ್ಲಿಸಲಾಗಿತ್ತು. "ಮೊದಲು ಅಟ್ಟದ ಡಬ್ಬಿಯ ದೊಡ್ಡ ಬೆರಳಚ್ಚು ಯಾರದೆಂದು ತಿಳಿಸುವುದು" ಎಂಬ ಷರಾದೊಂದಿಗೆ ಅರ್ಜಿ ವಾಪಸು ಬಂದಿದೆ.