ಬಾನೆಟ್ ಎತ್ತಿದಲ್ಲಿ ಅಣ್ಣಯ್ಯ

ಶಿರೂರಿನಿಂದ ನಾವುಂದದವರೆಗೆ ಹೆದ್ದಾರಿಯ ಬದಿಯಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ. ಎತ್ತಿದ ಬಾನೆಟ್ಟಿಗೆ ಊರುಗೋಲು ಕೊಡುವ ಕಡ್ಡಿಯನ್ನು ಹುಡುಕಿ ತೂತಿಗೆ ಸಿಕ್ಕಿಸುವುದರೊಳಗೆ ಅಣ್ಣಯ್ಯ ನಿಮ್ಮ ಮಗ್ಗುಲಲ್ಲಿರುತ್ತಾರೆ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಲುಂಗಿಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಎರಡೂ ಕೈ ಬೆನ್ನ ಹಿಂದೆ ಹಾಕಿ ನಿಲ್ಲುತ್ತಾರೆ. ಎಂಜಿನ್ ನೋಡುವುದಿಲ್ಲ. ನಿಮ್ಮನ್ನು ನೋಡುತ್ತಾರೆ.

"ಹ್ವಾಯ್, ನಿಮ್ಗೆ ಊರ್ ಎಲ್ಲಾಯ್ತ್?"

ರೇಡಿಯೇಟರ್ ಬುಸುಗುಡುತ್ತಿದೆ, ಮಕ್ಕಳು ಅಳುತ್ತಿವೆ, ನಿಮಗೆ ಮಾತೇ ಹೊರಡುತ್ತಿಲ್ಲ. ಆದರೂ ಊರು ಹೇಳದೆ ಗತಿಯಿಲ್ಲ. ಊರು ಹೇಳಿದರೆ ಯಾರ ಮನೆ ಎಂಬ ಪ್ರಶ್ನೆ, ಮನೆ ಹೇಳಿದರೆ ಅಜ್ಜನ ಹೆಸರು. ಅಜ್ಜ ಸಿಕ್ಕಿದ ಮೇಲೆಯೇ ಅವರು ಎಂಜಿನ್ನಿನ ಕಡೆ ತಿರುಗುವುದು. ಸರಕಾರ ಬೈಂದೂರನ್ನು ತಾಲೂಕು ಮಾಡಿದ್ದು 2018ರಲ್ಲಿ; ಅಣ್ಣಯ್ಯನ ಅಧಿಕಾರ ವ್ಯಾಪ್ತಿ ಅದಕ್ಕಿಂತ ಎಷ್ಟೋ ಹಳೆಯದು.

ಒಂದು ವಿಶೇಷ. ಪಂಕ್ಚರ್ ಆದ ಗಾಡಿಯ ಹತ್ತಿರ ಅಣ್ಣಯ್ಯ ನಿಲ್ಲುವುದಿಲ್ಲ. ಟಯರಿನಲ್ಲಿ ಮೊಳೆ ಕಣ್ಣಿಗೆ ಕಾಣುವಾಗ ಅಭಿಪ್ರಾಯಕ್ಕೆ ಜಾಗ ಎಲ್ಲಿ? ಡೀಸೆಲ್ ಖಾಲಿಯಾದರೂ ಅಷ್ಟೇ, ಕೈಬೀಸಿ ಮುಂದೆ ಹೋಗುತ್ತಾರೆ. ಗಾಡಿ ಬಿಸಿಯಾಗುವುದು ಮಾತ್ರ ಅವರಿಗೆ ಪಂಚಪ್ರಾಣ. ಏಕೆಂದರೆ ಅದಕ್ಕೆ ಕಾರಣ ಒಂದಲ್ಲ. ನೀರು ಸೋರಿರಬಹುದು, ಹೋಸ್ ಪೈಪ್ ಬಿರುಕು ಬಿಟ್ಟಿರಬಹುದು, ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು, ವಾಟರ್ ಪಂಪ್ ಸುಸ್ತಾಗಿರಬಹುದು, ಕ್ಯಾಪಿನ ರಬ್ಬರ್ ಸತ್ತಿರಬಹುದು, ಥರ್ಮೋಸ್ಟಾಟ್ ವಾಲ್ವ್ ತೆರೆಯದೆ ಮುಷ್ಕರ ಹೂಡಿರಬಹುದು. ಎಲ್ಲಕ್ಕಿಂತ ಮೇಲೆ ಹೆಡ್ ಗ್ಯಾಸ್ಕೆಟ್. ಆ ಶಬ್ದವನ್ನು ಅಣ್ಣಯ್ಯ ದನಿ ತಗ್ಗಿಸಿ ಹೇಳುತ್ತಾರೆ, ಗಾಡಿಯ ಮಾಲಕರ ಮುಖ ಬಿಳಿಚುವವರೆಗೆ ಕಾಯುತ್ತಾರೆ, ಆಮೇಲೆ "ಹೆದ್ರುಕಾಗ, ಹಾಂಗೇ ಅಂತ ನಾ ಹೇಳುದಿಲ್ಲೆ" ಎಂದು ಜೀವ ವಾಪಸು ಕೊಡುತ್ತಾರೆ.

ಅಣ್ಣಯ್ಯ ಮೆಕ್ಯಾನಿಕ್ ಅಲ್ಲ. ಚಾಲಕರೂ ಅಲ್ಲ, ನಾಲ್ಕು ಚಕ್ರದ ಲೈಸೆನ್ಸ್ ಅವರಲ್ಲಿಲ್ಲ. ಪ್ರಾಯದಲ್ಲಿ ಬೊಂಬಾಯಿಯ ಹೋಟೆಲೊಂದರ ಗಲ್ಲೆಯಲ್ಲಿ ಕೂತಿದ್ದು, ಊರಿಗೆ ಮರಳಿ ತೆಂಗು, ಗೇರು ನೋಡಿಕೊಂಡವರು. ಅವರ ವಿದ್ಯೆಯೆಲ್ಲ ಚಾಲಕನ ಪಕ್ಕದ ಸೀಟಿನಲ್ಲಿ ಸಂಪಾದಿಸಿದ್ದು. ಈ ಭಾಗದ ಯಾವ ದಿಬ್ಬಣ ಹೊರಟರೂ ಮುಂದಿನ ಸೀಟು ಅವರದೇ. ಮದುಮಗನಾದರೂ ಹಿಂದೆ. ಹಾಗೆ ಕೂತು ಕೂತು, ಯಾವ ಏರಿನಲ್ಲಿ ಯಾರ ಗಾಡಿಯ ಬಿಸಿ ತೋರಿಸುವ ಮುಳ್ಳು ಎಷ್ಟು ಮೇಲೆ ಹೋಯಿತು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಹೊಸ ಗಾಡಿಗಳ ಮೇಲೆ ಅವರಿಗೆ ತಾತ್ಸಾರ. ಬಾನೆಟ್ ಎತ್ತಿದರೆ ಕಾಣುವುದು ಕರಿ ಪ್ಲಾಸ್ಟಿಕ್ ಮುಚ್ಚಳ. ಉಳಿದದ್ದನ್ನು ಸ್ಕ್ಯಾನರ್ ಹೇಳುತ್ತದೆ. ಮನುಷ್ಯ ಮಾತಾಡುವುದಕ್ಕೆ ಏನಿದೆ ಅಲ್ಲಿ? 1994ರಲ್ಲಿ ಬಂದ ಸುಮೋ, 2000ದ ಕ್ವಾಲಿಸ್, ಬೊಲೆರೊ, 2002ರ ಸ್ಕಾರ್ಪಿಯೊ, ಇವು ಅವರ ಲೆಕ್ಕದಲ್ಲಿ ಗಾಡಿಗಳು. ಸುಮೋ ಎಂಬ ಹೆಸರು ಜಪಾನಿನ ಜಟ್ಟಿಯಿಂದ ಬಂದದ್ದಲ್ಲ, ಟಾಟಾ ಮೋಟಾರ್ಸಿನ ಸುಮಂತ್ ಮೂಲ್ಗಾಂವ್ಕರರ ಹೆಸರಿನ ಮೊದಲಕ್ಷರಗಳಿಂದ ಬಂದದ್ದು ಎಂದು ನನಗೆ ಮೊದಲು ಹೇಳಿದವರು ಅಣ್ಣಯ್ಯನೇ. ಸುಳ್ಳಿರಬೇಕೆಂದುಕೊಂಡಿದ್ದೆ, ಸತ್ಯವಾಗಿತ್ತು. ಅವರೊಡನೆ ಇರುವ ಕಷ್ಟ ಇದೇ. ಪೂರ್ತಿ ಸುಳ್ಳು ಹೇಳುವವರಾದರೆ ನಿಭಾಯಿಸಬಹುದಿತ್ತು.

ನಮ್ಮ ಭಾವನ ಹಳೇ ಗಾಡಿಯ ಕತೆಗೆ ಬರುತ್ತೇನೆ. ಯಾವ ಕಂಪೆನಿಯದ್ದೆಂದು ಹೇಳುವುದಿಲ್ಲ. ಕಂಪೆನಿಯ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ನಾಲ್ಕನೆಯದೋ ಐದನೆಯದೋ ಕೈ. ಮೇ ತಿಂಗಳು, ಮದುವೆಯ ಜವಳಿಗೆಂದು ಭಟ್ಕಳಕ್ಕೆ ಹೋಗಿ ಸೀರೆ ಮೂಟೆಗಳ ಜತೆ ಗಾಡಿ ತುಂಬ ಜನ ವಾಪಸು ಬರುತ್ತಿದ್ದೆವು. ಶಿರೂರು ದಾಟಿ ಒತ್ತಿನೆಣೆ ಏರು ಹತ್ತುವಾಗ ಮೀಟರಿನ ಮುಳ್ಳೂ ಹತ್ತತೊಡಗಿತು. ಭಾವ ಎ.ಸಿ. ಆರಿಸಿ ಹೀಟರ್ ಹಾಕಿದ. ಕರಾವಳಿಯ ಮೇ ತಿಂಗಳಲ್ಲಿ ಹೀಟರ್! ಶಾಸ್ತ್ರಪ್ರಕಾರ ಅದು ಸರಿ. ಎಂಜಿನ್ನಿನ ಬಿಸಿಯಲ್ಲಿ ಒಂದಿಷ್ಟನ್ನು ಗಾಡಿಯ ಒಳಗೆ ಇಳಿಸಿಕೊಂಡರೆ ಅದಕ್ಕೆ ಉಸಿರಾಡಲು ಬಿಡುವು ಸಿಗುತ್ತದೆ. ಹಿಂದೆ ಕೂತ ಅತ್ತೆಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಅವರು ಅಳಿಯನ ಬಗ್ಗೆ ಅಲ್ಲಿಯವರೆಗೆ ಮನಸ್ಸಿನಲ್ಲೇ ಇಟ್ಟುಕೊಂಡದ್ದನ್ನೆಲ್ಲ ಅಲ್ಲಿಯೇ ಹೇಳಿದರು.

ಅಷ್ಟರಲ್ಲಿ ಮುಳ್ಳು ದಬಕ್ಕನೆ ಕೆಳಗೆ ಬಿತ್ತು. "ತಣೀತ್!" ಎಂದ ಭಾವ. ತಣಿದದ್ದಲ್ಲ, ನೀರೇ ಖಾಲಿಯಾಗಿ ಮುಳ್ಳಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಒಣಗಿ ನಿಂತಿತ್ತು. ಮುಂದಿನ ಕ್ಷಣ ಬಾನೆಟ್ಟಿನ ಸಂದಿನಿಂದ ಬಿಳಿ ಹಬೆ. ಪುಣ್ಯಕ್ಕೆ ಗಾಡಿ ಅಲ್ಲೇ ನಿಲ್ಲಿಸಿದ.

ನಿಲ್ಲಿಸಿ ಕ್ಯಾಪಿಗೆ ಕೈ ಹಾಕಬೇಕು ಎನ್ನುವಾಗ ಹಿಂದಿನಿಂದ ಗರ್ಜನೆ: "ಕ್ಯಾಪ್ ಮುಟ್ಟುಕಾಗ!"

ಅಣ್ಣಯ್ಯ. ಈ ಒಂದು ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ. ಬಲ ಮುಂಗೈಯ ಮೇಲೆ ಅದರ ಸರ್ಟಿಫಿಕೇಟ್ ಇದೆ, ಅಂಗೈ ಅಗಲದ ಸುಟ್ಟ ಕಲೆ. ಬಯಲಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಕ್ಯಾಪಿನ ಸ್ಪ್ರಿಂಗ್ ಒಳಗೆ ಒತ್ತಡ ಹಿಡಿದಿಟ್ಟರೆ 115, 120ರ ಹತ್ತಿರ ಹೋದರೂ ನೀರು ಕುದಿಯದೆ ತಾಳಿಕೊಂಡಿರುತ್ತದೆ. ಕ್ಯಾಪ್ ತಿರುಗಿಸಿ ಒತ್ತಡ ಬಿಟ್ಟಿರೋ, ತಾಳಿಕೊಂಡದ್ದೆಲ್ಲ ಒಮ್ಮೆಗೇ ಕುದಿದು ನಿಮ್ಮ ಮುಖಕ್ಕೆ ಬರುತ್ತದೆ. ಅಣ್ಣಯ್ಯ ಇದನ್ನು ಡಿಗ್ರಿಯಲ್ಲಿ ಹೇಳುವುದಿಲ್ಲ, ಕೈ ತೋರಿಸುತ್ತಾರೆ.

ತಣಿಯಲು ಅರ್ಧ ಗಂಟೆಯ ಮೇಲೆ ಬೇಕು. ಆ ಹೊತ್ತು ಅಣ್ಣಯ್ಯನದು. ತಾಳಮದ್ದಲೆಯ ಅರ್ಥಧಾರಿ ಪೀಠಿಕೆ ಹಾಕುವ ಹಾಗೆ ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ನಂಬರ್ ಪ್ಲೇಟ್ ನೋಡಿ, ಹುಬ್ಬು ಹಾರಿಸಿದರು.

"ಈ ಗಾಡಿ ನಂಗ್ ಗೊತ್ತಿತ್ತ್ ಮಾರಾಯ್ರೆ!"

ಎಂಜಿನ್ನಿನ ಮಾತು ಹಾಗಿರಲಿ, ಗಾಡಿಯ ಗೋತ್ರ ಪ್ರವರ ಶುರುವಾಯಿತು. ಮೊದಲು ಇದು ಕುಂದಾಪುರದ ಗುತ್ತಿಗೆದಾರರೊಬ್ಬರದ್ದು. ಆಮೇಲೆ ಕೊಲ್ಲೂರಿಗೆ ಯಾತ್ರಿಕರನ್ನು ಒಯ್ಯುವ ಬಾಡಿಗೆಗೆ ಓಡಿತು. ಮೂಕಾಂಬಿಕಾ ರೋಡ್ ಬೈಂದೂರು ಸ್ಟೇಷನ್ನಿನಲ್ಲಿ ಕೇರಳದ ರೈಲು ಬಂದರೆ ಎಂಟು ಜನರ ಸೀಟಿನಲ್ಲಿ ಹದಿಮೂರು ಜನ. ನಂತರ ಮರವಂತೆ ಬದಿಯಲ್ಲಿ ಕಡಲ ಹತ್ತಿರದ ಮನೆಯವರು ಕೊಂಡರು. "ಅಲ್ಲಿ ಬಾವಿ ನೀರ್ ಉಪ್ಪ್. ಅದನ್ನೇ ರೇಡಿಯೇಟರಿಗ್ ಹೊಯ್ದ್ ಹೊಯ್ದ್ ಹಾಳ್ ಮಾಡ್ರ್." ಇದನ್ನು ಅಲ್ಲಗಳೆಯಲಾಗದು. ಉಪ್ಪುನೀರು ಲೋಹವನ್ನು ತಿನ್ನುತ್ತದೆ, ಗಡಸು ನೀರು ಸಣ್ಣ ಸಣ್ಣ ನಾಳಗಳ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಕೂಲೆಂಟ್ ಹಾಕುವುದು ಬರೀ ತಂಪಿಗಲ್ಲ, ತುಕ್ಕು ಹಿಡಿಯದಿರಲಿ ಎಂಬುದಕ್ಕೂ ಹೌದು. ನಮ್ಮಲ್ಲಿ ಅರ್ಧಕ್ಕರ್ಧ ಹಳೇ ಗಾಡಿಗಳು ಕುಡಿಯುವುದು ಹತ್ತಿರದ ಬಾವಿಯ ನೀರನ್ನು.

"ಕಡೆಗೆ ಉಪ್ಪುಂದದವರ ಕೈಯಲ್ಲಿ ಇದ್ದಿತ್. ಆಗ ಇದ್ ದಿನಾ ಬಿಸಿ. ನಾನೇ ಮುಂದೆ ನಿಂತ್ ಸರಿ ಮಾಡ್ಸದ್ದ್" ಎಂದು ಮುಗಿಸಿದರು. ಆ ವಾಕ್ಯಕ್ಕೆ ಯಾರೂ ಆಗ ಗಮನ ಕೊಡಲಿಲ್ಲ.

ಅಷ್ಟರಲ್ಲಿ ಅವರು ಯಾವುದೋ ಮನೆಗೆ ಕೂಗಿ ಹೇಳಿ ಕೊಡಪಾನದಲ್ಲಿ ಸಿಹಿನೀರು ತರಿಸಿದ್ದರು. ನೀರಿನ ಜತೆ ಬೆಲ್ಲವೂ ಬಂತು, ಬೆಲ್ಲ ಕೊಟ್ಟ ಹೆಂಗಸಿಗೂ ನಮ್ಮ ಅತ್ತೆಗೂ ಯಾವುದೋ ಸಂಬಂಧ ಹೊರಟಿತು. ಎಂಜಿನ್ ತಣಿದ ಮೇಲೆ ನಿಧಾನವಾಗಿ ನೀರು ತುಂಬಿ, ಬೈಂದೂರಿನ ಗ್ಯಾರೇಜಿಗೆ ಆಮೆನಡಿಗೆಯಲ್ಲಿ ಹೊರಟೆವು. ಮುಂದಿನ ಸೀಟಿನಲ್ಲಿ ಯಾರು ಕೂತರೆಂದು ಹೇಳಬೇಕಾಗಿಲ್ಲ. ಹಿಂದಕ್ಕೆ ಹೋದವನು ನಾನು.

ಗ್ಯಾರೇಜಿನ ಹುಡುಗ ಮಾತಿನಲ್ಲಿ ಅಣ್ಣಯ್ಯನಿಗೆ ತದ್ವಿರುದ್ಧ. ಕೇಳಿದ್ದು ಒಂದೇ ಪ್ರಶ್ನೆ: "ನಿಂತಾಗ ಬಿಸಿ ಆತ್ತಾ, ಏರ್ ಹತ್ತುವಾಗ್ಳಾ?" ಭಾವ ಉತ್ತರಿಸುವ ಮೊದಲೇ ಅಣ್ಣಯ್ಯ "ಎರಡೂ" ಎಂದರು. ಹುಡುಗ ಅದನ್ನು ಕೇಳಿಸಿಕೊಳ್ಳಲಿಲ್ಲ. ಆ ಪ್ರಶ್ನೆಯಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಪೇಟೆಯಲ್ಲಿ ನಿಂತಾಗ ಬಿಸಿಯಾಗಿ ಓಡುವಾಗ ತಣಿದರೆ ಫ್ಯಾನಿನ ದೋಷ. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದಲ್ಲ. ನಿಂತಾಗ ಸರಿಯಿದ್ದು ಭಾರ ಎಳೆಯುವಾಗ ಏರಿದರೆ ನೀರಿನ ಹರಿವಿನ ಕಡೆ ನೋಡಬೇಕು. ನಮ್ಮದು ಎರಡನೆಯ ಜಾತಿ.

ಅವನು ಡಿಪ್‌ಸ್ಟಿಕ್ ಎಳೆದು ನೋಡಿದ. ಆಯಿಲ್ ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಲೆಕ್ಕ. ಕಪ್ಪಾಗಿಯೇ ಇತ್ತು. ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ಗುಳ್ಳೆ ಬರುತ್ತದೋ ನೋಡಿದ. ಬರಲಿಲ್ಲ. ಭಾವ ಮನಸ್ಸಿನಲ್ಲೇ ಕೊಲ್ಲೂರಿಗೆ ಹರಕೆ ಹೇಳಿಕೊಂಡಿರಬೇಕು. ಅಣ್ಣಯ್ಯನ ಮುಖ ಮಾತ್ರ ಸ್ವಲ್ಪ ಬಾಡಿತು. ಎಂಜಿನ್ ಬಿಸಿಯಾದಂತೆ ಹುಡುಗ ರೇಡಿಯೇಟರಿನ ಮೈಮೇಲೆ ಅಲ್ಲಲ್ಲಿ ಕೈಯಿಟ್ಟು ನೋಡಿದ. ಮೇಲೆ ಸುಡುತ್ತಿತ್ತು, ಕೆಳಗೆ ಒಂದು ಮೂಲೆಯಿಡೀ ತಣ್ಣಗೆ. ಅಲ್ಲಿಗೆ ನೀರು ಹೋಗುತ್ತಲೇ ಇಲ್ಲ.

ಬಿಚ್ಚಿದ. ಕೆಳಗಿನ ಟ್ಯಾಂಕಿನಲ್ಲಿ ತುಕ್ಕಿನ ಜತೆ ಹಳದಿ ಹಳದಿ ಕೆಸರು.

"ಇದೆಂತ?" ಎಂದ ಭಾವ.

"ಅರಶಿನ ಹುಡಿ" ಎಂದ ಹುಡುಗ. "ಸೋರುದ್ ನಿಲ್ಲುಕೆ ಹಾಕ್ತ್ರ್."

ಹೌದು, ಹಾಕುತ್ತಾರೆ. ಸೋರುವ ತೂತಿಗೆ ಅರಶಿನ ಹೋಗಿ ಕೂರುತ್ತದೆ, ಮನೆ ಮುಟ್ಟುವಷ್ಟು ದಾರಿ ಸಾಗುತ್ತದೆ. ಆಮೇಲೆ ಅದನ್ನು ತೊಳೆದು ತೆಗೆಯದಿದ್ದರೆ ಸೋರದ ನಾಳಗಳಲ್ಲೂ ಹೋಗಿ ಕೂರುತ್ತದೆ. ನಾನು ಅಣ್ಣಯ್ಯನ ಕಡೆ ನೋಡಿದೆ. ಅವರು ಗೋಡೆಯ ಮೇಲಿದ್ದ ಆಯಿಲ್ ಕಂಪೆನಿಯ ಕ್ಯಾಲೆಂಡರಿನಲ್ಲಿ ಸಂಕ್ರಮಣ ಯಾವತ್ತೆಂದು ಹುಡುಕುತ್ತಿದ್ದರು.

ಹುಡುಗ ಥರ್ಮೋಸ್ಟಾಟ್ ಇರುವ ಗೂಡನ್ನೂ ಬಿಚ್ಚಿದ. ಗೂಡು ಖಾಲಿ. ವಾಲ್ವೇ ಇಲ್ಲ! ಎಂಜಿನ್ ತಣ್ಣಗಿರುವಾಗ ಮುಚ್ಚಿದ್ದು, 80 ಡಿಗ್ರಿ ದಾಟಿದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಸಣ್ಣ ಬಾಗಿಲು ಅದು. ಬಿಸಿಯಾಗುವ ಗಾಡಿಗೆಲ್ಲ "ವಾಲ್ವ್ ತೆಗ್ದ್ ಬಿಸಾಡಿ" ಎನ್ನುವುದು ನಮ್ಮ ಕಡೆಯ ಹಳೇ ಔಷಧ. ತೆಗೆದರೆ ನೀರು ಸದಾ ಹರಿಯುತ್ತದೆ ಎಂದು ತರ್ಕ. ಆದರೆ ಕೆಲವು ಎಂಜಿನ್ನುಗಳಲ್ಲಿ ಇದೇ ವಾಲ್ವ್ ತೆರೆಯುವಾಗ ಇನ್ನೊಂದು ಒಳದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಕಡೆ ತಲೆಯೇ ಹಾಕದೆ ಒಳದಾರಿಯಲ್ಲಿ ಎಂಜಿನ್ನಿಗೇ ಮರಳುತ್ತದೆ. ಸಪಾಟು ರಸ್ತೆಯಲ್ಲಿ ನಡೆಯುತ್ತದೆ, ಒತ್ತಿನೆಣೆಯಲ್ಲಿ ಬಣ್ಣ ಬಯಲಾಗುತ್ತದೆ.

ರೇಡಿಯೇಟರನ್ನು ಕುಂದಾಪುರಕ್ಕೆ ಕಳಿಸಿ ನಾಳಗಳಿಗೆ ಕಡ್ಡಿ ಹಾಕಿ ತೆಗೆಸಿದ್ದಾಯಿತು. ಹೊಸ ವಾಲ್ವ್, ಹೊಸ ಕ್ಯಾಪ್, ಎರಡು ಹೋಸ್ ಪೈಪ್, ಪಾವನವಾದ ಹಸಿರು ಕೂಲೆಂಟ್. ಗಾಳಿ ಕಟ್ಟಿಕೊಳ್ಳದ ಹಾಗೆ ಎಂಜಿನ್ ಓಡಿಸುತ್ತಲೇ ತುಂಬಿಸಿದ. ಪರೀಕ್ಷೆಗೆಂದು ಭಾವ ಕೊಲ್ಲೂರು ದಾಟಿ ನಾಗೋಡಿ ಘಾಟಿ ಹತ್ತಿಸಿದ. ಮುಳ್ಳು ನಡುವಿನಲ್ಲಿ ಕೂತದ್ದು ಏಳಲಿಲ್ಲ. ಮುಂದಿನ ಸೀಟಿನ ಅಣ್ಣಯ್ಯ ಪ್ರತಿ ತಿರುವಿನಲ್ಲೂ "ನಾ ಹೇಳ್ಲಿಲ್ಯಾ?" ಎನ್ನುತ್ತಿದ್ದರು.

ಘಾಟಿ ಇಳಿಯುವಾಗ ಭಾವನಿಗೆ ತಡೆಯಲಾಗಲಿಲ್ಲ.

"ಅಣ್ಣಯ್ಯ, ಉಪ್ಪುಂದದವರ ಕೈಯಲ್ಲಿ ಇಪ್ಪುವಾಗ ನೀವೇ ಮುಂದೆ ನಿಂತ್ ಸರಿ ಮಾಡ್ಸದ್ದ್ ಅಂದ್ರ್ಯಲ್ದಾ? ಆ ವಾಲ್ವ್ ತೆಗ್ಸದ್ದ್ ಯಾರ್?"

ಅಣ್ಣಯ್ಯ ಕಿಟಕಿಯ ಗಾಜು ಇಳಿಸಿ, ಎಲೆ ಅಡಿಕೆ ಉಗಿದು, ಗಾಜು ಏರಿಸಿ, ಬಾಯಿ ಒರಸಿಕೊಂಡರು.

"ಅಂದ್ ನಾ ತೆಗ್ಸದೇ ಇದ್ದಿರೆ, ಇವತ್ತ್ ಹೊಸದ್ ಹಾಕುಕೆ ಜಾಗ ಎಲ್ಲಿತ್ತ್ ಮಾರಾಯ್ರೆ?"