ಮಾರ್ಜಾಲ-ಮನಿಪ್ಲಾಂಟ್ ಮೀಮಾಂಸೆ: ದಕ್ಷಿಣ ಬೆಂಗಳೂರು ಕಾಂಡ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಜನವರಿ, ಆಗಸ್ಟ್ ತಿಂಗಳ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಕುಂಡವಿಲ್ಲದೆ ಮನೆಗೆ ಬರಲಾರದವನೂ, ಮನೆಯಲ್ಲಿ ಬೆಕ್ಕುಳ್ಳವನೂ ಆದವನು ಇಲ್ಲಿ ಅಧಿಕಾರಿ. ಆ ಕುಂಡವನ್ನು ಆ ಬೆಕ್ಕು ಮೇಯುವುದು ವಿಷಯ. ಹಲ್ಲಿಗೂ ಎಲೆಗೂ ಇರುವುದು ಸಂಬಂಧ. ಬೆಕ್ಕು ಬದುಕುವುದು ಪ್ರಯೋಜನ. ಗಿಡವೂ ಬದುಕಿದರೆ ಅದು ಆನುಷಂಗಿಕ.

ಮಾಂಸಾಹಾರಿಗೆ ಎಲೆಯೇಕೆ ಎಂಬುದು ಪೂರ್ವಪಕ್ಷ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಂಡಿತರು ಬೆಕ್ಕು ಸಾಕಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿ, ಸೊಪ್ಪು ತಿನ್ನುವುದು ಬೆಕ್ಕಿನ ಸಹಜ ಸ್ವಭಾವ, ಬಹುಶಃ ಹೊಟ್ಟೆಹುಳು ಹೊರಹಾಕಲು ಅದರ ಪೂರ್ವಜರು ಕಂಡುಕೊಂಡ ಉಪಾಯ ಎಂದಿದ್ದಾರೆ. ಸೋಫಾದ ಹಿಂದಿನಿಂದ ಓಕರಿಕೆ ಕೇಳಿದವರಿಗೆ ಹೆಚ್ಚಿನ ಪ್ರಮಾಣ ಬೇಕಿಲ್ಲ.

ಸಿದ್ಧಾಂತಕ್ಕೆ ಅಡ್ಡಬರುವ ಪಂಥಗಳಲ್ಲಿ ಹಿರಿದು ಜಯನಗರ ಪಂಥ. 1948ರಲ್ಲಿ ಅಡಿಗಲ್ಲು ಬಿದ್ದ ಬಡಾವಣೆಯಾದ್ದರಿಂದ ಇವರಲ್ಲಿ ಆಪ್ತವಾಕ್ಯವೇ ಪ್ರಮಾಣ. ಪೂಜೆಗೆ ಕಣಗಿಲೆ, ದೃಷ್ಟಿಗೆ ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ, ತಂಬುಳಿಗೆ ದೊಡ್ಡಪತ್ರೆ. "ಇವೆಲ್ಲ ನಮ್ಮಜ್ಜಿ ಕಾಲದಿಂದ ಇವೆ ಕಣ್ರೀ, ಯಾವ ಬೆಕ್ಕು ಸತ್ತಿದೆ ಹೇಳಿ?" ಎಂಬುದು ಇವರ ವಾದ. ಉತ್ತರ: ಅಜ್ಜಿಯ ಬೆಕ್ಕಿಗೆ ಮಾಡು, ಕಾಂಪೌಂಡು, ಇಲಿ ಮತ್ತು ಇಡೀ ಬ್ಲಾಕು ಇದ್ದವು. ನಿಮ್ಮದಕ್ಕೆ ಇರುವುದು ಮೂರನೇ ಮಹಡಿ, ಬಲೆ ಕಟ್ಟಿದ ಬಾಲ್ಕನಿ, ಒಂದು ಕುಂಡ. ಬೇಜಾರಾದಾಗ ಅದು ಇನ್ನೇನನ್ನು ಕಚ್ಚಬೇಕು? ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಲೋಳೆಸರದಿಂದ ವಾಂತಿ ಭೇದಿ. ಮನುಷ್ಯರ ಹೊಟ್ಟೆ ತಂಪಾಗಿಸುವ ದೊಡ್ಡಪತ್ರೆಯ ಎಣ್ಣೆಯೂ ಬೆಕ್ಕಿನ ಹೊಟ್ಟೆಗೆ ಆಗದು. ಹಲವು ವಸ್ತುಗಳನ್ನು ಪಳಗಿಸಿ ಹೊರಗಟ್ಟಲು ನಮ್ಮ ಯಕೃತ್ತಿನಲ್ಲಿರುವ ಒಂದು ಕಿಣ್ವದ ಜೀನು ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಒಂದು ಪ್ಯಾರಸಿಟಮಾಲ್ ಮಾತ್ರೆ ಅದಕ್ಕೆ ಮಾರಕವಾಗಬಲ್ಲದು. ಆದ್ದರಿಂದ "ನಮಗೆ ಒಳ್ಳೆಯದು, ಅದಕ್ಕೂ ಒಳ್ಳೆಯದು" ಎಂಬುದು ಶುದ್ಧ ಹೇತ್ವಾಭಾಸ.

ಬಿಟಿಎಂ ಪಂಥ ನವ್ಯರದು. ಬಾಡಿಗೆ ಮನೆ, ಲ್ಯಾಪ್‌ಟಾಪ್, ಹಿಂದೆ ಮೀಟಿಂಗಿನಲ್ಲಿ ಕಾಣಲೆಂದೇ ಮಾನ್‌ಸ್ಟೆರಾ, ಡೀಫೆನ್‌ಬಾಕಿಯಾ, ಮನಿಪ್ಲಾಂಟ್. ಇವೆಲ್ಲ ಕೆಸುವಿನ ದಾಯಾದಿಗಳು. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿದ್ದು, ಕಚ್ಚಿದ ಬಾಯಿಗೆ ಚುಚ್ಚುತ್ತವೆ. ಬೆಕ್ಕು ಜೊಲ್ಲು ಸುರಿಸಿ, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತದೆ. ಕರಾವಳಿಯವರು ಈ ತುರಿಕೆಯನ್ನು ಬಲ್ಲರು, ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕುತ್ತಾರೆ. ಆದರೆ ಮಾನ್‌ಸ್ಟೆರಾಕ್ಕೆ ಹುಣಸೆಹುಳಿ ಹಚ್ಚುವವರು ಯಾರು?

ಬನಶಂಕರಿ ಪಂಥದವರು ನಿಂಬೆವಾದಿಗಳು. ಅಮ್ಮನವರ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹೋಳಿನಲ್ಲಿ ದೀಪ ಹಚ್ಚುವ ಊರಾದ್ದರಿಂದ ಸಿಪ್ಪೆಗೆ ಬರವಿಲ್ಲ. ಅದನ್ನು ಕುಂಡದಲ್ಲಿ ಹರಡಿದರೆ ವಾಸನೆಗೆ ಬೆಕ್ಕು ದೂರ ನಿಲ್ಲುತ್ತದಂತೆ. ನಿಲ್ಲುವುದೂ ಉಂಟು. ಆದರೆ ನಿಂಬೆ ಸಿಪ್ಪೆಯ ಎಣ್ಣೆಯೇ ಬೆಕ್ಕಿಗೆ ಆಗುವುದಿಲ್ಲವಾಗಿ, ಕಳ್ಳನ ಕಾವಲಿಗೆ ಕಳ್ಳನನ್ನೇ ಇಟ್ಟಂತಾಯಿತು. ಜೆಪಿ ನಗರದವರದು ಅಪಾರ್ಟ್‌ಮೆಂಟ್ ಲಾಬಿಯ ಸೇಗೋ ಪಾಮ್. ಯಕೃತ್ತನ್ನೇ ಹಾಳುಮಾಡುವ ಗಿಡ, ಬೀಜವಂತೂ ಘೋರ; ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ವಿಷಯ ಎತ್ತಿದವರು ಪಾರ್ಕಿಂಗ್ ಚರ್ಚೆ ಮುಗಿಯುವವರೆಗೆ ಕಾಯುತ್ತಲೇ ಇದ್ದಾರೆ.

ಬೆಕ್ಕು ತಾನೇ ಪಾಠ ಕಲಿಯುತ್ತದೆ ಎನ್ನುವವರು ತೆನಾಲಿ ರಾಮಕೃಷ್ಣನ ಬೆಕ್ಕನ್ನು ಉದಾಹರಿಸುತ್ತಾರೆ: ಬಿಸಿಹಾಲಿಗೆ ಒಮ್ಮೆ ನಾಲಿಗೆ ಸುಟ್ಟುಕೊಂಡು ಮತ್ತೆ ಹಾಲಿನತ್ತ ತಿರುಗಿಯೂ ನೋಡಲಿಲ್ಲ. ಮನಿಪ್ಲಾಂಟಿಗೆ ಈ ದೃಷ್ಟಾಂತ ಸಲ್ಲುತ್ತದೆ. ಲಿಲ್ಲಿಗೆ ಸಲ್ಲದು, ಅಲ್ಲಿ ಎರಡನೆಯ ಸಲ ಎಂಬುದೇ ಇರುವುದಿಲ್ಲ. ಹುಟ್ಟುಹಬ್ಬದ ಹೂಗುಚ್ಛದಲ್ಲಿ ಬರುವ ಏಷ್ಯಾಟಿಕ್, ಓರಿಯಂಟಲ್ ಲಿಲ್ಲಿಗಳ ಎಸಳು, ಎಲೆ, ಮೈಗೆ ಅಂಟಿದ್ದನ್ನು ನೆಕ್ಕಿದ ಪರಾಗ, ಹೂದಾನಿಯ ನೀರು ಯಾವುದಾದರೂ ಸಾಕು. ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ನಿಲ್ಲುತ್ತದೆ. ಡೇ ಲಿಲ್ಲಿಯದೂ ಇದೇ ಕಥೆ. ಪೀಸ್ ಲಿಲ್ಲಿ ಮಾತ್ರ ಹೆಸರಿಗಷ್ಟೇ ಲಿಲ್ಲಿ, ಕುಲದಿಂದ ಕೆಸು. ಇಲ್ಲಿ ಮೀಮಾಂಸೆಗೆ ಅವಕಾಶವಿಲ್ಲ: ಬೆಕ್ಕಿರುವ ಮನೆಗೆ ಲಿಲ್ಲಿ ಬರಕೂಡದು.

ಇನ್ನು ಸಿದ್ಧಾಂತ. ಶ್ರೀವೈಷ್ಣವರಲ್ಲಿ ಎರಡು ನ್ಯಾಯಗಳುಂಟು. ಮರಿಕೋತಿ ತಾಯಿಯನ್ನು ತಾನೇ ಅವುಚಿ ಹಿಡಿಯಬೇಕು. ಬೆಕ್ಕಿನ ಮರಿಗೆ ಆ ಶ್ರಮವಿಲ್ಲ, ತಾಯಿಯೇ ಕಚ್ಚಿ ಒಯ್ಯುತ್ತಾಳೆ. ತೆಂಗಲೆಯವರು ಒಪ್ಪಿದ ಈ ಮಾರ್ಜಾಲಕಿಶೋರ ನ್ಯಾಯ ದಕ್ಷಿಣ ಬೆಂಗಳೂರಿನಲ್ಲಿ ಹತ್ತು ವರ್ಷದ ಬೆಕ್ಕಿಗೂ ಅನ್ವಯಿಸುತ್ತದೆ. ತನ್ನ ಉದ್ಧಾರಕ್ಕೆ ಅದು ಏನೂ ಮಾಡುವುದಿಲ್ಲ. ಕುಂಡ ಹೊರಬೇಕಾದವರು ನಾವು. ತೂಗುಹಾಕಿದರೆ ಸಾಲದು; ಜೋತಾಡುವ ಬಳ್ಳಿ ಬೆಕ್ಕಿಗೆ ಆಮಂತ್ರಣಪತ್ರ. ಸಿದ್ದಾಪುರದ ನರ್ಸರಿಗೆ ಹೋಗಿ ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಬಾಸ್ಟನ್ ಫರ್ನ್ ಕೇಳಿ. ಅಂಕುರಾರ್ಪಣೆಗೆ ಹಾಕುವ ಹಾಗೆ ಒಂದು ತಟ್ಟೆಯಲ್ಲಿ ಗೋಧಿ ಮೊಳಕೆ ಬರಿಸಿ. ವಾಕಿಂಗ್ ಮುಗಿಸಿದ ಮಾವನವರು ರಸ ಹಿಂಡದೆ ಬಿಟ್ಟರೆ ಉಳಿದದ್ದು ಬೆಕ್ಕಿಗೆ.

ಇಷ್ಟಾದರೂ ಕಚ್ಚಿತೆನ್ನಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಹಾಲೂ ಮದ್ದಲ್ಲ. ಲಕ್ಷಣ ಕಾಣಲಿ ಎಂದು ಕಾಯದೆ ಹತ್ತಿರದ ಪಶುವೈದ್ಯರಲ್ಲಿಗೆ ಓಡಿ. ಸಿಲ್ಕ್ ಬೋರ್ಡ್ ದಾಟಿ ಹೋಗುವ ಕ್ಲಿನಿಕ್ಕು ನಕ್ಷೆಯಲ್ಲಿ ಎಷ್ಟೇ ಸಮೀಪವಿದ್ದರೂ ಶಾಸ್ತ್ರರೀತ್ಯಾ ದೂರ. ಕಚ್ಚಿದ ಎಲೆಯನ್ನೂ ಜೊತೆಗೆ ಒಯ್ಯಿರಿ. ಡಾಕ್ಟರು ಯಾವ ಗಿಡ ಎಂದು ಕೇಳಿದಾಗ ಬೆಕ್ಕು, ತಾನು ಗಿಡವೆಂಬುದನ್ನೇ ನೋಡಿಲ್ಲ ಎಂಬ ಮುಖ ಮಾಡಿ ಬುಟ್ಟಿಯೊಳಗೆ ಕೂತಿರುತ್ತದೆ.