ಬೀದರ–ಭಾಲ್ಕಿ–ಔರಾದ ಪ್ರಾಂತ್ಯದಲ್ಲಿ ಮಿತವ್ಯಯಿ ಸಿಂಗಲ್ ಮಾಲ್ಟ್ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ

ಪ್ರಸ್ತುತ ಸಂಪ್ರಬಂಧವು ಮಾಂಜ್ರಾ ಕೊಳ್ಳದ ಸಾಂಸ್ಕೃತಿಕ ನೆಲೆಗಟ್ಟಿನಲ್ಲಿ ಸ್ಕಾಚ್ ಎಂಬ ಜಾಗತಿಕ ಸಂಕಥನವನ್ನು ಕಿಸೆಯ ತಾತ್ವಿಕತೆಯೊಡನೆ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನ. ಈ ವಿಷಯದ ಮೇಲೆ ಹಿಂದೆ ಯಾರೂ ಕೆಲಸ ಮಾಡಿಲ್ಲ ಎಂಬುದನ್ನು ಸಂಶೋಧಕನು ಏನನ್ನೂ ಹುಡುಕದೆಯೇ ಖಚಿತಪಡಿಸಿಕೊಂಡಿದ್ದಾನೆ. ನಮ್ಮ ವಿಚಾರಸಂಕಿರಣಗಳ ವೈಧಾನಿಕತೆಯೂ ಇದೇ ಆಗಿದೆ. ಅಧ್ಯಯನದ ವ್ಯಾಪ್ತಿ: ಬೀದರ ನಗರ, ಭಾಲ್ಕಿ, ಔರಾದ. ಅಧ್ಯಯನದ ಮಿತಿ: ತಿಂಗಳ ಕೊನೆಯ ವಾರ.

2. ಪಾರಿಭಾಷಿಕ ನಿರ್ವಚನ

2009ರ ಬ್ರಿಟಿಷ್ ನಿಯಮಾವಳಿಯ ಪ್ರಕಾರ ಸಿಂಗಲ್ ಮಾಲ್ಟ್ ಸ್ಕಾಚ್ ಎಂದರೆ ಮೊಳಕೆ ಬರಿಸಿದ ಜವೆಗೋಧಿಯಿಂದ, ಒಂದೇ ಭಟ್ಟಿಯಲ್ಲಿ, ಪಾಟ್ ಸ್ಟಿಲ್‌ನಲ್ಲಿ ಇಳಿಸಿ, ಸ್ಕಾಟ್ಲೆಂಡಿನ ನೆಲದಲ್ಲೇ ಓಕ್ ಪೀಪಾಯಿಯೊಳಗೆ ಕನಿಷ್ಠ 3 ವರ್ಷ ಮಲಗಿಸಿದ, ಶೇ 40ಕ್ಕೆ ಕಡಿಮೆಯಿಲ್ಲದ ಮದ್ಯ.

ಇದಕ್ಕೆ ಭಾಲ್ಕಿಯ ಪಾಠಾಂತರವೊಂದಿದೆ. ಹೊಲದ ಕಬ್ಬು ಕಾರ್ಖಾನೆಗೆ ಹೋಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಸ್ಪಿರಿಟ್ ಆಗುತ್ತದೆ. ಸ್ಪಿರಿಟ್ಟಿಗೆ ನೀರು, ಕ್ಯಾರಮೆಲ್ ಬಣ್ಣ, ಪುಣ್ಯವಿದ್ದರೆ ಚಮಚೆಯಷ್ಟು ಮಾಲ್ಟ್ ಬಿದ್ದು ಶೇ 42.8ರ ‘ವಿಸ್ಕಿ’ಯಾಗಿ ನಮ್ಮೂರಿಗೇ ಮರಳುತ್ತದೆ. ಯುರೋಪಿನವರು ಕಾಕಂಬಿಯ ಈ ದ್ರವವನ್ನು ವಿಸ್ಕಿಯೆಂದು ಒಪ್ಪುವುದಿಲ್ಲ. ಪಕ್ವಗೊಳಿಸುವ ವಿಷಯದಲ್ಲಿ ಮಾತ್ರ ನಾವು ಹಿಂದೆ ಬಿದ್ದಿಲ್ಲ. ಅಲ್ಲಿ ವರ್ಷಗಟ್ಟಲೆ ಪೀಪಾಯಿ ಮಲಗುತ್ತದೆ, ಇಲ್ಲಿ ರೈತನ ಕಬ್ಬಿನ ಬಿಲ್ಲು.

3. ಆಸ್ವಾದ ಮೀಮಾಂಸೆ

3.1 ಆಘ್ರಾಣ. ಫೋನಿನಲ್ಲಿ ಗ್ಲಾಸು ತಿರುಗಿಸುತ್ತ ಪ್ರವಚನ ಕೊಡುವ ಆಚಾರ್ಯರ ಪ್ರಕಾರ ಮೂಗಿಗೆ ಮೊದಲು ಸಮುದ್ರದ ಪಾಚಿ, ಆಮೇಲೆ ಹಳೇ ತೊಗಲು, ಕೊನೆಗೆ ಅಯೋಡಿನ್ ಬರಬೇಕು. ಸಮುದ್ರ ನಮ್ಮಿಂದ ದೂರ. ಅಯೋಡಿನ್ ಮಾತ್ರ ತಾಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಪುಕ್ಕಟೆ ದೊರೆಯುತ್ತದೆ, ಮಿತವ್ಯಯಿಗಳು ಗಮನಿಸಬೇಕು.

ಕ್ಷೇತ್ರಕಾರ್ಯದ ಭಾಗವಾಗಿ ಔರಾದದ ಅಂಗಡಿಯೊಂದರ ಜಾಳಿಗೆಯ ಮುಂದೆ ನಿಂತೇ ನೈಂಟಿ ಇಳಿಸುತ್ತಿದ್ದ ಹಿರಿಯ ಮಾಹಿತಿದಾರರನ್ನು ಸಂದರ್ಶಿಸಲಾಯಿತು.

‘ಕಾಕಾ, ಮೂಗಿಗಿ ಏನ್ ವಾಸನಿ ಬರ್ಲತ್ತದರಿ?’

‘ಗಟಾರದ್ದು ಬರ್ಲತ್ತದ ತಮ್ಮಾ. ಜರಾ ಆ ಕಡಿ ಸರಿ.’

ಇಷ್ಟು ನಿಖರವಾದ ಆಸ್ವಾದ ಟಿಪ್ಪಣಿ ಇಂಗ್ಲಿಷಿನಲ್ಲಿ ಸಂಶೋಧಕನ ಕಣ್ಣಿಗೆ ಬಿದ್ದಿಲ್ಲ.

3.2 ಜಿಹ್ವಾಸ್ಪರ್ಶ. ಸ್ಕಾಟರು ತಮ್ಮ ಝರಿಯ ನೀರನ್ನು ಕೊಂಡಾಡುತ್ತಾರೆ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದಲ್ಲಿ ಕೆಂಪು ಜಂಬಿಟ್ಟಿಗೆ ಕೊರೆದು ಹರಿಸಿದ ಕರೇಜ್ ಸುರಂಗವೇ ಇದೆ. ಆದರೂ ಗ್ಲಾಸಿಗೆ ಬೀಳುವುದು ನೀರಿನ ಪಾಕೀಟು, ಅದೂ ಹಲ್ಲಿನಿಂದ ಹರಿದದ್ದು.

3.3ರಿಂದ 3.11ರವರೆಗಿನ ಉಪವಿಭಾಗಗಳನ್ನು ಕೈಬಿಡಲಾಗಿದೆ. ಬರೆಯುವವನಿಗೇ ಸಾಕಾಗಿದೆ.

4. ಐತಿಹಾಸಿಕ ಪರಿಪ್ರೇಕ್ಷ್ಯ

1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿದ ವಜೀರ ಮಹಮೂದ ಗಾವಾನನ ಮೊಹರು ಕಾಯುವವನಿಗೆ ವಿರೋಧಿಗಳು ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೊಂದು ದ್ರೋಹದ ಪತ್ರ ಹುಟ್ಟಿತು. 1481ರಲ್ಲಿ, ತಾನೂ ನಶೆಯಲ್ಲಿದ್ದ ಸುಲ್ತಾನ ಅದನ್ನು ನಂಬಿ ವಜೀರನ ತಲೆ ಹಾರಿಸಿದ. ಚರಿತ್ರೆಕಾರ ಫರಿಷ್ತಾ ಬರೆದಿಟ್ಟ ಕತೆ ಇದು. ಆವತ್ತು ಕುಡಿಸಿದ್ದು ಎಷ್ಟು ವರ್ಷದ್ದು, ಯಾವ ಪೀಪಾಯಿಯದು ಎಂದು ಅವನು ಬರೆಯಲಿಲ್ಲ. ಅಷ್ಟರಮಟ್ಟಿಗೆ ಅವನಲ್ಲಿ ವೈಧಾನಿಕತೆಯ ಕೊರತೆ ಎದ್ದು ಕಾಣುತ್ತದೆ.

ಅದಕ್ಕೂ ಮುನ್ನೂರು ವರ್ಷ ಹಿಂದೆ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡ ಮಾರಯ್ಯನೊಬ್ಬ ವಚನಕಾರನಾದ. ಇವತ್ತಿನ ಕೌಂಟರಿನವನು ಎಂ.ಆರ್.ಪಿ. ಮೇಲೆ ಹತ್ತು ರೂಪಾಯಿ ಸೇರಿಸುತ್ತಾನೆ, ಅಷ್ಟೆ.

5. ಅನ್ವಯಿಕ ಮಿತವ್ಯಯ

ಇಲ್ಲಿ ಸ್ವಲ್ಪ ನಿಜ ಹೇಳಬೇಕು. ಭಾರಿ ಆಮದು ಸುಂಕ ಹೊತ್ತು ಬರುವ ಸ್ಕಾಚಿನ ಬೆನ್ನು ಬೀಳುವುದಕ್ಕಿಂತ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಕೇಳುವುದು ಜಾಣತನ. 2004ರಲ್ಲಿ ಅದು ಮೊದಲು ಬಿಡುಗಡೆಯಾದದ್ದು ಸ್ಕಾಟರ ಗ್ಲಾಸ್ಗೋದಲ್ಲೇ. 2010ರ ‘ವಿಸ್ಕಿ ಬೈಬಲ್’ನಲ್ಲಿ ಜಿಮ್ ಮರ್ರೆ ಅದರ ಫ್ಯೂಷನ್ನಿಗೆ ಜಗತ್ತಿನಲ್ಲೇ 3ನೇ ಸ್ಥಾನ ಕೊಟ್ಟ. ಬಾಟ್ಲಿಯ ಮೇಲೆ 12, 18 ಎಂಬ ವಯಸ್ಸು ಹುಡುಕಬೇಡಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು. ನಮ್ಮ ಬಿಸಿಲಲ್ಲಿ ಮಾಲ್ಟ್ ಬೇಗ ಬಲಿಯುತ್ತದೆ, ವಯಸ್ಸಿಗೆ ದುಡ್ಡು ಕೊಡುವುದು ದಂಡ. ಶೇ 46ರ ಮೇಲಿನದ್ದಾದರೆ ನೀರು ಬೆರೆಸಿದರೂ ರುಚಿ ನಿಲ್ಲುತ್ತದೆ. ನಾಲ್ವರು ಕೂಡಿ ಒಂದು ಬಾಟ್ಲಿ ತರುವುದು ಕ್ರಮ. ಸ್ಕಾಚೇ ಬೇಕೆಂಬ ಹಟವಿದ್ದರೆ ಹೈದರಾಬಾದಿನ ವಿಮಾನದಲ್ಲಿ ಇಳಿಯುವ ದುಬೈ ಅಳಿಯನಿಗೆ 2 ಲೀಟರ್ ತರುವ ಅವಕಾಶವಿದೆ. ಮಾವನ ಮಾತು ಮೀರದ ಅಳಿಯ ಇರಬೇಕು ಮಾತ್ರ.

ಇನ್ನು 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದ. ಅದರಂತೆ ಆಗ ಶೇ 150 ಇದ್ದ ಸುಂಕ ಮೊದಲು ಶೇ 75ಕ್ಕೆ, ಹತ್ತನೇ ವರ್ಷಕ್ಕೆ ಶೇ 40ಕ್ಕೆ ಇಳಿಯಬೇಕು. ಮಾಲ್ಟಿನ ಹಾಗೆ ಒಪ್ಪಂದವೂ ಹತ್ತು ವರ್ಷ ಪಕ್ವವಾಗಲಿ, ಕಾಯೋಣ.

6. ವರ್ಗೀಕರಣ ಸಿದ್ಧಾಂತ

ಆಲಂಕಾರಿಕರಿಗೆ ರಸ ಒಂಬತ್ತೇ. ನಮ್ಮ ಅಬಕಾರಿ ಇಲಾಖೆಗೆ ಹದಿನೆಂಟು ಇದ್ದವು! ಬೆಲೆಗೆ ತಕ್ಕ ಸುಂಕದ ಸ್ಲ್ಯಾಬ್ ಎಂಬ ಈ ರಸಸಿದ್ಧಾಂತವನ್ನು 2024ರ ಆಗಸ್ಟಿನಲ್ಲಿ 16ಕ್ಕೆ ಪರಿಷ್ಕರಿಸಿ, ನೆರೆರಾಜ್ಯಗಳಿಗೆ ಸರಿಸಮ ಮಾಡುವ ನೆಪದಲ್ಲಿ ದುಬಾರಿ ಬಾಟ್ಲಿಗಳ ಬೆಲೆ ಇಳಿಸಿದರು. ಮರುವರ್ಷ ಅಗ್ಗದ ಸ್ಲ್ಯಾಬುಗಳ ಬೆಲೆ ಏರಿಸಿದರು. ಮೇಲಿನ ಜಾಳಿಗೆಯ ಕಾಕಾನ ನೈಂಟಿ ತುಟ್ಟಿಯಾಯಿತು, ಗ್ಲಾಸು ತಿರುಗಿಸುವ ಆಚಾರ್ಯರ ಪಾಚಿ ಅಗ್ಗವಾಯಿತು. ಇದಕ್ಕೆ ಯಾವ ಸಂಕಥನವೂ ಬೇಡ, ಕೂಲಿಯವನ ಕಿಸೆಗೆ ಕೈ ಹಾಕುವುದು ಎನ್ನುತ್ತಾರೆ.

ತುಟ್ಟಿಯಾದರೆ ಬಿಡುತ್ತಾನೆ ಎಂಬ ವಾದವುಂಟು. ಬಿಟ್ಟವರನ್ನು ನಾನು ಕಂಡಿಲ್ಲ. ಸಂಜೆ ಪಗಾರ ಅಷ್ಟೇ ಇರುತ್ತದೆ, ಮನೆಗೆ ಮುಟ್ಟುವುದು ಕಡಿಮೆಯಾಗುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತೆಂದು ಢಂಗುರ ಹೊಡೆದರು. ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿ ಪಾಕೀಟು ಬಂತು. ಲೈಸೆನ್ಸೇ ಇಲ್ಲದ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಶೇಂಗಾ ಚೀಲದ ಹಿಂದೆ ಅದು ಹೊತ್ತು ಮೂಡುವ ಮೊದಲೇ ಸಿಗುತ್ತದೆ. ಮದ್ಯವನ್ನೇ ನಿಲ್ಲಿಸಿ ಎಂದು ಕೇಳಲು 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಹೋದರು. ಕಾಲು ಬೊಬ್ಬೆ ಬಂದದ್ದೇ ಬಂತು. ಅವರ ಅಹವಾಲಿಗೆ ಹದಿನಾರರಲ್ಲಿ ಒಂದು ಸ್ಲ್ಯಾಬೂ ಸಿಕ್ಕಲಿಲ್ಲ.

7. ಮುಂದಿನ ಸಂಶೋಧಕರಿಗೆ ಸೂಚನೆ

ಆ ಕಿರಾಣಿ ಅಂಗಡಿಗೆ ಪಾಕೀಟು ಯಾವ ಗಾಡಿಯಲ್ಲಿ, ಎಷ್ಟು ಹೊತ್ತಿಗೆ, ಯಾರ ಹೆಸರು ಹೇಳಿಕೊಂಡು ಬರುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡಬಹುದು. ಮಾರ್ಗದರ್ಶಕರಿಗಾಗಿ ವಿಶ್ವವಿದ್ಯಾಲಯಕ್ಕೆ ಅಲೆಯಬೇಕಿಲ್ಲ. ಊರಿನ ಹೆಂಗಸರಿಗೆ ಗಾಡಿಯ ನಂಬರೂ ಬಾಯಿಪಾಠ.